ಬಾನಿಂದ ಬಿದ್ದ ಕಲ್ಲಿಗೆ ಕತ್ತಿ ಸೇವೆ

ಆಗ ನನಗೆ ಹದಿನಾಲ್ಕು. ನಲವತ್ತೈದು ವರ್ಷದ ಹಿಂದಿನ ಮಾತು. ತಮಿಳುನಾಡಿನ ಅವಿನಾಶಿ ಹತ್ತಿರದ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಆ ದಿನಗಳಲ್ಲಿ ಮನೆಗೊಂದು ಮಗ್ಗ, ಬೀದಿಗೆಲ್ಲ ಗಂಜಿ ಬಳಿದ ನೂಲಿನ ಹುಳಿ ವಾಸನೆ. ಒಂದು ಮಧ್ಯಾಹ್ನ ಜಗಲಿಯಲ್ಲಿ ಐದುಕಲ್ಲು ಆಡುತ್ತಿದ್ದೆವು. ಆಕಾಶ ಸಿಡಿಯಿತು. ಓಡಿಹೋಗಿ ನೋಡಿದರೆ ಜೋಳದ ಹೊಲದಲ್ಲಿ ತೆಂಗಿನಕಾಯಿ ಗಾತ್ರದ ಕರೀ ಕಲ್ಲು.

"ಚೌಡವ್ವ ಬಂದವಳೆ" ಎಂದಳು ಅಜ್ಜಿ.

ನಮ್ಮವರು ಆ ಕುಲದೇವತೆಯನ್ನು ಸುಮ್ಮನೆ ಕರೆತರುವುದಿಲ್ಲ. ಗಂಡಸರು ಎದೆಗೆ, ತೋಳಿಗೆ ಕತ್ತಿ ಹಾಕಿಕೊಳ್ಳುತ್ತ, "ತಗೋ ತಾಯೇ, ತಗೋ" ಎಂದು ಕೂಗುತ್ತ ಕರೆತರಬೇಕು. ಎಲ್ಲರ ಮುಂದೆ ಅಪ್ಪ. ರಕ್ತ ಕಲ್ಲಿನ ಮೇಲೆ ಹನಿಯಿತು. ಕಲ್ಲನ್ನು ನಮ್ಮ ಮನೆಯ ದೇವರ ಮೂಲೆಯಲ್ಲಿ ಕೂರಿಸಿದರು. ಅಜ್ಜಿ ಗಾಯಕ್ಕೂ ಕಲ್ಲಿಗೂ ಅರಿಶಿನ ಮೆತ್ತಿದಳು. ಕಲ್ಲಿಗೆ ಎಳ್ಳೆಣ್ಣೆಯನ್ನೂ ಸುರಿದಳು.

ಮೂರನೆಯ ದಿನ ಮೈಸೂರು ಕಡೆಯವನೊಬ್ಬ ಬಂದ. ಕಾಲೇಜಿನಲ್ಲಿ ಇಂಥ ಕಲ್ಲುಗಳನ್ನೇ ಓದುವವನಂತೆ. ನೋಡಿದವನೇ ತಲೆ ಹಿಡಿದು ಕೂತ.

"ಎಣ್ಣೆ ಹಾಕಿಬಿಟ್ರಾ ಅಜ್ಜಿ?"

"ಮತ್ತೆ? ಸಾಮೀನ ಒಣತಲೇಲಿ ಕೂರಿಸೋದಾ?"

ಬೀದಿಯೆಲ್ಲ ನಕ್ಕಿತು. ಅವನು ನನ್ನ ಕಡೆ ತಿರುಗಿದ. "ಭೂಮಿ ಹುಟ್ಟುವಾಗ ಉಳಿದ ಚೂರಮ್ಮ ಇದು. ಭೂಮಿ ಹೇಗಾಯ್ತು ಅನ್ನೋದು ಇದರೊಳಗಿದೆ. ಎಣ್ಣೆ ತಾಗಿ ಮೇಲೆ ಕೆಟ್ಟಿದೆ, ಒಳಗೆ ಕೆಟ್ಟಿಲ್ಲ. ಒಡೆದು, ಕೈ ತಾಗಿಸದೆ ಒಂದು ಚೂರು ಕೊಟ್ಟರೆ ಸಾಕು. ನನ್ನ ಓದೆಲ್ಲ ಅದರ ಮೇಲೆ ನಿಂತಿದೆ."

ಒಡೆಯುವ ಮಾತು ಅಪ್ಪನ ಕಿವಿಗೆ ಬಿತ್ತು.

"ಯಾರವ್ವನ್ನ ಒಡೀತೀಯೋ?"

ಕತ್ತಿಯ ಬೆನ್ನಿನಿಂದ ಹೊಡೆದ. ಅವನು ಅಡ್ಡ ಕೊಟ್ಟ ಬಲಗೈ ಒಣ ಸೌದೆಯ ಹಾಗೆ ಲಟ್ಟೆಂದಿತು. ಚಿಕ್ಕಪ್ಪ ಒದ್ದ. ಪಕ್ಕದ ಮನೆಯವರು ಮಗ್ಗದ ಕೋಲು ತಂದರು. ಬಾಯಲ್ಲಿ ರಕ್ತ ತುಂಬಿದ್ದರೂ ಅವನು "ಒಳಗೆ ಕೆಟ್ಟಿಲ್ಲ" ಎನ್ನುತ್ತಲೇ ಇದ್ದ. ನಾನು ನೀರು ಕೊಟ್ಟೆ.

"ಸಾಯ್ಲಿ ಬಿಡೇ ಹುಡ್ಗಿ" ಎಂದ ಅಪ್ಪ, ನನ್ನ ಕೈಯ ಚೊಂಬನ್ನು ಒದ್ದ.

ಹೆಂಗಸರೇ ಅವನನ್ನು ಎತ್ತಿನ ಗಾಡಿಗೆ ಹಾಕಿ ಆಸ್ಪತ್ರೆಗೆ ಕಳಿಸಿದರು.

ಈಗ ಆ ಹೊಲದ ಮೇಲೆ ಬನಿಯನ್ ಕಂಪನಿ ಇದೆ. ಮನೆಮನೆಯಲ್ಲೂ ಮಗ್ಗದ ಗುಂಡಿ ಮುಚ್ಚಿ ಟೈಲ್ಸ್ ಹಾಕಿಸಿದ್ದಾರೆ. ಮೊಮ್ಮಕ್ಕಳಿಗೆ ನಮ್ಮ ಮಾತು ಬಾರದು. ಅದಕ್ಕೆಲ್ಲ ನಾನು ಅಳುವವಳಲ್ಲ. ಆ ಮನುಷ್ಯ ದೊಡ್ಡ ಪ್ರೊಫೆಸರ್ ಆದನಂತೆ, ಎಡಗೈಯಲ್ಲೇ ಬರೆಯುತ್ತಾನಂತೆ. ಅಪ್ಪ ಸಾಯುವತನಕ ನನ್ನ ಜೊತೆ ಮಾತಾಡಲಿಲ್ಲ. ನಾನು ಕಳಕೊಂಡದ್ದು ಅದು.

ಹೊಡೆದಾಟದ ಮಾರನೆಯ ಬೆಳಿಗ್ಗೆ ಮನೆಯವರೆಲ್ಲ ಬೀದಿಯಲ್ಲಿ ನೂಲು ಹಾಸಿ ಗಂಜಿ ಬಳಿಯುತ್ತಿದ್ದರು. ನಾನು ದೇವರ ಮೂಲೆಯಿಂದ ಕಲ್ಲನ್ನು ಹಿತ್ತಿಲಿಗೆ ತಂದು ಹಾರೆಯಿಂದ ಕುಟ್ಟಿದೆ. ಐದನೆಯ ಏಟಿಗೆ ಒಡೆಯಿತು. ಒಳಗಿನ ಬೂದು ಚೂರನ್ನು ಕೈ ತಾಗಿಸದೆ ಬಾಳೆಲೆಯಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ನಡೆದೆ.