ಪಟ್ಟಿಯಲ್ಲಿದ್ದ ತೋಡಿ

ಮೂವತ್ತನಾಲ್ಕನೆಯ ವಯಸ್ಸಿಗೆ ಪಿಟೀಲು ಹಿಡಿದವನು ನಾನು. ಅದೂ ಸರಿಯಾದ ಪಿಟೀಲಲ್ಲ. ಲಿಂಗಸುಗೂರಿನಲ್ಲಿ ಹಿಂದೊಮ್ಮೆ ಇಂಗ್ಲಿಷರ ದಂಡು ಇತ್ತಲ್ಲ, ಆ ಕಾಲದ ಒಂದು ಬಂಗಲೆಯ ಅಟ್ಟದ ಮೇಲೆ ಬಿದ್ದಿದ್ದ ವಾದ್ಯ ಅದು. ಬಂಗಲೆ ಕಾಯುತ್ತಿದ್ದ ಮುದುಕ ನಮ್ಮ ತಂದೆಯ ಸ್ನೇಹಿತ. ಇಲಿಯ ಪಾಲಾಗುವುದಕ್ಕಿಂತ ಮಾಸ್ತರನ ಪಾಲಾಗಲಿ ಎಂದು ನನಗೆ ಕೊಟ್ಟ. ಸಾಧಾರಣ ಪಿಟೀಲಿಗಿಂತ ಎರಡು ಮೂರು ಬೆರಳು ಉದ್ದ, ಹೊಟ್ಟೆಯೂ ಅಷ್ಟೇ ದೊಡ್ಡದು. ದನಿ ನೆಗಡಿಯಾದ ಗಂಡಸಿನದು. ಅದಕ್ಕೆ ವಯೋಲಾ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಾವೆಲ್ಲ ಅದನ್ನು ದೊಡ್ಡ ಪಿಟೀಲು ಎನ್ನುತ್ತಿದ್ದೆವು.

ನಾನು ಸಿಂಧನೂರಿನ ಶಾಲೆಯಲ್ಲಿ ಮಾಸ್ತರ. ನಿಜಾಮರ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿತ್ತು. ಅಲ್ಲಿಯತನಕ ಉರ್ದುವಿನಲ್ಲಿ ಕಲಿಸುತ್ತಿದ್ದ ಲೆಕ್ಕವನ್ನು ಈಗ ಕನ್ನಡದಲ್ಲಿ ಕಲಿಸಬೇಕಾಗಿ ಬಂದು, ನಾನೇ ಮಕ್ಕಳ ಪುಸ್ತಕ ಹಿಡಿದು ಕೂತಿದ್ದೆ. ಹೇಗೂ ಹೊಸದಾಗಿ ಕಲಿಯುವ ಅವಮಾನ ಶುರುವಾಗಿದೆ, ಇದೂ ಒಂದು ಇರಲಿ ಎಂದುಕೊಂಡೆ. ಮನೆಯಲ್ಲಿ ಮೊದಲ ದಿನ ಅದನ್ನು ಎದೆಗೆ ಆನಿಸಿಕೊಂಡು ಕಮಾನು ಎಳೆದಾಗ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಬೆಕ್ಕು ಹಿಡಕೊಂಡು ಕುಂತಾಂಗ ಕಾಣ್ತೀರಿ. ಅದಕ್ಕೂ ಇಷ್ಟ ಇಲ್ಲ, ನಿಮಗೂ ಬಿಡಾಕ ಮನಸ್ಸಿಲ್ಲ," ಎಂದಳು.

ಕಲಿಸುವವರು ಸಿಕ್ಕಿದ್ದು ಮಸ್ಕಿಯಲ್ಲಿ. ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಊರು. ಅವರು ಮೂರು ತಲೆಮಾರಿನಿಂದ ಸಾರಂಗಿ ನುಡಿಸುತ್ತ ಬಂದ ಮನೆತನದ ಮುದುಕ. ನಲವತ್ತೆಂಟರಲ್ಲಿ, ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ, ಗಂಡಹೆಂಡತಿ ಮನೆಗೆ ಬೀಗ ಹಾಕಿ ಬೀಗರ ಊರಿಗೆ ಹೋಗಿದ್ದರು. ತಿರುಗಿ ಬಂದಾಗ ಬೀಗ ಇರಲಿಲ್ಲ, ಒಳಗೆ ಸಾರಂಗಿಯೂ ಇರಲಿಲ್ಲ. ಯಾರು ಒಯ್ದರು ಎಂದು ಅವರು ಯಾರನ್ನೂ ಕೇಳಲಿಲ್ಲ. ಒಬ್ಬನೇ ಮಗ ಹೈದರಾಬಾದಿಗೆ ಹೋಗಿ ಯಾವುದೋ ಕಾರಖಾನೆ ಸೇರಿದ್ದ. ಅವನಿಗೆ ಸಂಗೀತ ಬೇಡವಾಗಿತ್ತು. ನಾನು ಅವರನ್ನು ಚಾಚಾ ಎಂದೂ ಅವರ ಹೆಂಡತಿಯನ್ನು ಚಾಚಿ ಎಂದೂ ಕರೆಯುತ್ತಿದ್ದೆ.

ಸಾರಂಗಿಯವರು ತಂತಿಯನ್ನು ಬೆರಳ ತುದಿಯಿಂದ ಒತ್ತುವುದಿಲ್ಲ, ಉಗುರಿನ ಬುಡದಿಂದ ಒತ್ತುತ್ತಾರೆ. ಚಾಚಾರ ಎಡಗೈ ಉಗುರುಗಳ ಬುಡದಲ್ಲಿ ಜಡ್ಡುಗಟ್ಟಿದ ಗುರುತುಗಳಿದ್ದವು. ಮಾತಾಡುವಾಗ ಅವನ್ನು ಹೆಬ್ಬೆರಳಿನಿಂದ ಸವರಿಕೊಳ್ಳುತ್ತಿದ್ದರು. ಒಮ್ಮೆ ನನ್ನ ಮುಂದೆ ಕೈ ಚಾಚಿ, "ಮುಟ್ಟಿ ನೋಡು ಮಾಸ್ತರ. ಮೆತ್ತಗಾಗಾಕತ್ತಾವ," ಎಂದರು. ಮುಟ್ಟಿ ನೋಡಿದೆ. ನನಗೆ ಗಟ್ಟಿಯಾಗಿಯೇ ಕಂಡವು, ಹಾಗೆಯೇ ಹೇಳಿದೆ. ಅವರು ನಂಬಲಿಲ್ಲ.

ದೊಡ್ಡ ಪಿಟೀಲನ್ನು ಕಂಡ ದಿನ ಅವರಿಗೆ ಆದ ಸಂತೋಷವನ್ನು ನಾನು ಮರೆಯಲಾರೆ. ನೆಲದ ಮೇಲೆ ಕೂಡಿಸಿ, ವಾದ್ಯದ ತಲೆಯನ್ನು ನನ್ನ ಬಲಗಾಲಿನ ಹಿಮ್ಮಡಿಗೆ ಆನಿಸಿ, ಕೆಳಗಿನ ತಂತಿಯನ್ನು ಒಂದು ಸಲ ಎಳೆಸಿದರು. ಕಣ್ಣು ಮುಚ್ಚಿಕೊಂಡು, "ಇದು ನಮ್ಮ ಪೈಕಿನ ಐತಿ," ಎಂದರು. ಅಂದಿನಿಂದ ಪ್ರತಿ ಐತವಾರ ನಾನು ಸಿಂಧನೂರಿನಿಂದ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿಯುತ್ತಿದ್ದೆ. ಅವರ ಬಳಿ ನುಡಿಸಿ ತೋರಿಸಲು ವಾದ್ಯವಿರಲಿಲ್ಲ, ನನ್ನದು ಅವರ ಬೆರಳಿಗೆ ಒಗ್ಗಲಿಲ್ಲ. ಹಾಡಿ ತೋರಿಸುತ್ತಿದ್ದರು. ಒಡೆದ ದನಿ, ಆದರೆ ಸ್ವರ ಒಂದು ಕೂದಲೆಳೆಯೂ ಆಚೀಚೆ ಆಗುತ್ತಿರಲಿಲ್ಲ.

ಎರಡನೆಯ ವರ್ಷ ಅವರು ತೋಡಿ ರಾಗ ಕೊಟ್ಟರು. ಅದು ಬೆಳಗಿನ ರಾಗ. ಅವರ ಮನೆಯಲ್ಲಿ ಹೊತ್ತು ಎಂದರೆ ಹೊತ್ತು. ಬೆಳಗಿನದನ್ನು ಮಧ್ಯಾಹ್ನದ ಮೇಲೆ ಗುನುಗುವಂತೆಯೂ ಇಲ್ಲ. ಅದಕ್ಕೆಂದೇ ನಾನು ಮೊದಲನೆಯ ಬಸ್ಸಿಗೆ ಹೋಗಬೇಕಾಗುತ್ತಿತ್ತು. ತೋಡಿಯ ಗಂಧಾರ, ಅಂದರೆ ಅದರ ಗ ಸ್ವರ, ಉಳಿದ ರಾಗಗಳ ಗಂಧಾರಕ್ಕಿಂತ ಕೆಳಗೆ ಕೂರುತ್ತದೆ. ಎಷ್ಟು ಕೆಳಗೆ ಎಂದು ಬಾಯಿಂದ ಹೇಳಲು ಬರುವುದಿಲ್ಲ. ಚಾಚಾ ನನ್ನ ಬೆರಳನ್ನೇ ಹಿಡಿದು ತಂತಿಯ ಮೇಲೆ ಎಳ್ಳಿನಷ್ಟು ಜರುಗಿಸುತ್ತಿದ್ದರು. ಹತ್ತು ಸಲಕ್ಕೆ ನಾಲ್ಕು ಸಲ ನನಗೆ ಅದು ಸಿಗುತ್ತಿತ್ತು. ಸಿಕ್ಕಾಗ ಒಳಗಿನಿಂದ ಚಾಚಿ ಕೈಕೆಲಸ ನಿಲ್ಲಿಸುವುದು ಕೇಳಿಸುತ್ತಿತ್ತು.

ಮತ್ತೆರಡು ವರ್ಷ ಕಳೆದ ಮೇಲೆ ಪರೀಕ್ಷೆಯ ಹುಚ್ಚು ಹತ್ತಿದ್ದು ನನಗೇ, ಅವರಿಗಲ್ಲ. ದೂರದ ಒಂದು ಸಂಗೀತ ಮಂಡಳಿಯವರು ದರ್ಜೆ ದರ್ಜೆಯಾಗಿ ಪರೀಕ್ಷೆ ನಡೆಸುತ್ತಿದ್ದರು. ಆ ವರ್ಷ ಲಿಂಗಸುಗೂರಿನಲ್ಲೂ ಒಂದು ಕೇಂದ್ರವಾಗಿತ್ತು. ಹಿಂದಿನ ಕೆಳದರ್ಜೆಗಳನ್ನು ಬಿಟ್ಟು ನೇರವಾಗಿ ಮೂರನೆಯದಕ್ಕೆ ಕೂರಲು ವಯಸ್ಸಾದವರಿಗೆ ಅವಕಾಶವಿತ್ತು. ಎರಡು ಚಿಕ್ಕ ರಾಗ, ಒಂದು ಮುಖ್ಯ ರಾಗ ಆರಿಸಿಕೊಂಡು ಅರ್ಜಿಯಲ್ಲಿ ಮೊದಲೇ ಬರೆದು ಕಳಿಸಬೇಕು. ಆರಿಸಿಕೊಳ್ಳಲು ಅವರೇ ಕೊಟ್ಟ ಪಟ್ಟಿಯಿತ್ತು.

ಸುದ್ದಿ ಹೇಳಿದಾಗ ಚಾಚಾ ಮೊದಲು ನಕ್ಕರು. "ಮಕ್ಕಳಿಗೆ ನಪಾಸ ಮಾಡಾವ ನೀ, ನಿನಗ ಯಾರಾರ ನಪಾಸ ಮಾಡ್ಯಾರು, ನೋಡ್ಕೋ," ಎಂದರು. ಆಮೇಲೆ ಅಂದರು. "ಆ ಪಟ್ಟಿಯಾಗ ತೋಡಿ ಐತೇನು ನೋಡು. ಇದ್ರ ಅದನ್ನಾ ಬರಿ. ಅದು ನಮ್ಮಪ್ಪ ಕೊಟ್ಟಿದ್ದು. ನನ್ನ ಮಗ ತಗೊಳ್ಳಲಿಲ್ಲ, ನೀ ತಗೊಂಡಿ. ತಿಳಿದವರ ಮುಂದ ಒಂದ್ಸಲ ಬರಲಿ, ಸಾಕು. ನಾ ಹೊರಗ ಕುಂತು ಕೇಳ್ತೀನಿ."

ಪಟ್ಟಿ ನನ್ನ ಕೈಯಲ್ಲೇ ಇತ್ತು. ಅಚ್ಚಾಗಿದ್ದುದು ಮರಾಠಿ ಅಕ್ಷರದಲ್ಲಿ. ಚಾಚಾರಿಗೆ ಉರ್ದು ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ಆರನೆಯ ಹೆಸರೇ ತೋಡಿ. ನಾನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದೆ. ಐದರಿಂದ ಏಳಕ್ಕೆ ಹಾರಿದೆ.

ಯಾಕೆ ಹಾಗೆ ಮಾಡಿದೆ ಎಂದು ಈಗ ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಹೆದರಿದ್ದೆ. ಹತ್ತಕ್ಕೆ ನಾಲ್ಕು ಸಲ ಸಿಗುವ ಗಂಧಾರವನ್ನು ನಂಬಿ ಪರೀಕ್ಷೆಗೆ ಕೂತು ಕೈಕೊಟ್ಟರೆ, ಮಾಸ್ತರ ನಪಾಸಾದರು ಎಂದು ಸಿಂಧನೂರಿನ ಮಕ್ಕಳೆಲ್ಲ ಆಡಿಕೊಳ್ಳುವುದು ಆಗಲೇ ನನ್ನ ಕಿವಿಗೆ ಬಿದ್ದಿತ್ತು. ನಾನು ಮಾನಕ್ಕೆ ಅಂಜುವ ಮನುಷ್ಯ. ಸಿಟ್ಟು ಬೇಗ ಬರುತ್ತದೆ, ನಾಚಿಕೆ ಅದಕ್ಕಿಂತ ಬೇಗ ಬರುತ್ತದೆ.

"ತೋಡಿ ಇಲ್ಲೇನು?" ಎಂದರು ಚಾಚಾ.

"ಇಲ್ಲ ಚಾಚಾ."

"ಎಂಥಾ ಪಟ್ಟಿ ಮಾಡ್ಯಾರ," ಎಂದು ಉಗುರು ಸವರಿಕೊಂಡರು. ಆಮೇಲೆ, "ಪರೀಕ್ಷೆ ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಮಧ್ಯಾಹ್ನದ ಮೇಲೆ ಎಂದೆ. ಅದು ನಿಜವೇ, ಕಾಗದದಲ್ಲಿ ಹಾಗೇ ಇತ್ತು. "ಹಂಗಾದ್ರ ಭೀಮಪಲಾಸಿ ಬರಿ. ಆ ಹೊತ್ತಿಗೆ ಅದು ಚಲೋ," ಎಂದರು. ಬರೆದೆ. ಭೀಮಪಲಾಸಿ ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಅಲ್ಲಿಂದ ಮೂರು ತಿಂಗಳು ಅವರು ಅದನ್ನೇ ತಿದ್ದಿದರು. ತೋಡಿಯ ಮಾತೆತ್ತಲಿಲ್ಲ.

ಪರೀಕ್ಷೆಯ ದಿನ ನಾನು ಬೆಳಗಿನ ಬಸ್ಸಿನಲ್ಲಿ ಹೊರಟೆ. ಮಸ್ಕಿಯಲ್ಲಿ ಚಾಚಾ ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿಕೊಂಡು ರಸ್ತೆಗೆ ಬಂದು ನಿಂತಿದ್ದರು. ಆ ಶೇರ್ವಾನಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಲಿಂಗಸುಗೂರಿನ ಶಾಲೆಗೆ ಹೋದರೆ ಅಲ್ಲಿ ಗಡಿಬಿಡಿ. ಪರೀಕ್ಷಕರು ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಾಗಿತ್ತಂತೆ. ಎಲ್ಲರದೂ ಊಟಕ್ಕೆ ಮುಂಚೆಯೇ ಮುಗಿಯಬೇಕು ಎಂದರು. ನನ್ನ ಸರದಿ ಬಂದಾಗ ಹತ್ತು ಗಂಟೆ. ಚಾಚಾ ವರಾಂಡದಲ್ಲಿ, ನಾನು ಕೂತ ಕೋಣೆಯ ಕಿಟಕಿಯ ಕೆಳಗೇ ಕೂತರು. ಕಿಟಕಿ ತೆರೆದೇ ಇತ್ತು.

ಪರೀಕ್ಷಕರು ಧಾರವಾಡದ ಕಡೆಯ ಸಂಭಾವಿತ ಮನುಷ್ಯ. ನನ್ನ ವಾದ್ಯವನ್ನು ನೋಡಿ ಹುಬ್ಬೇರಿಸಿದರು. ಚಿಕ್ಕ ರಾಗಗಳೆರಡನ್ನು ಕೇಳಿ ತಲೆದೂಗಿ, ಅರ್ಜಿ ನೋಡಿ ನಾಲಿಗೆ ಕಚ್ಚಿಕೊಂಡರು.

"ಭೀಮಪಲಾಸಿ ಬರದೀರಿ. ಈಗ ಮುಂಜಾನಿ ಹತ್ತು. ಹೊತ್ತು ತಪ್ಪಿಸಿದ್ದು ನಾವು, ನಿಮ್ಮ ತಪ್ಪಲ್ಲ," ಎಂದು ಪಟ್ಟಿಯ ಮೇಲೆ ಬೆರಳಾಡಿಸಿದರು. "ಈ ಪಟ್ಟಿಯೊಳಗ ತೋಡಿ ಅದ ನೋಡ್ರಿ. ನಿಮ್ಮ ಈ ವಾದ್ಯದ ಮ್ಯಾಲ ತೋಡಿ ಭಾಳ ಛಂದ ಕೇಳಸ್ತದ. ಬರ್ತದೇನು ನಿಮಗ?"

ಕಿಟಕಿಯ ಹೊರಗೆ ಚಾಚಾರ ಬಿಳಿ ಟೋಪಿಯ ಮೇಲ್ಭಾಗ ಕಾಣುತ್ತಿತ್ತು. ಅದು ಅಲುಗಲಿಲ್ಲ. ಹೌದು ಎಂದರೆ ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು, ಗಂಧಾರ ಸಿಗಲಿ ಬಿಡಲಿ. ಇಷ್ಟು ತಿಳಿಯಲು ನನಗೆ ಆ ಕ್ಷಣದಲ್ಲಿ ಬುದ್ಧಿ ಸಾಲದೆ ಹೋಗಲಿಲ್ಲ. ತಿಳಿದೂ ಹೇಳಿದೆ.

"ಇಲ್ರೀ. ಕಲಿತಿಲ್ಲ."

ಬೆಳಗಿನ ಹತ್ತು ಗಂಟೆಗೆ ಭೀಮಪಲಾಸಿ ನುಡಿಸಿದೆ. ಒಂದೂ ತಪ್ಪಾಗಲಿಲ್ಲ.

ಹೊರಗೆ ಬಂದಾಗ ಚಾಚಾ ಎದ್ದು ನಿಂತು ವಾದ್ಯವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬಟ್ಟೆ ಸುತ್ತಿದರು. "ಬಿಸಲೇರೈತಿ, ನಡಿ," ಎಂದರು. ಬಸ್ಸಿನಲ್ಲಿ ಹತ್ತಿಯ ಬೆಳೆಯ ಮಾತಾಡಿದರು, ಕಾಲುವೆಯ ನೀರು ಬಂದರೆ ಸಿಂಧನೂರಿನಲ್ಲಿ ಸೊಳ್ಳೆ ಹೆಚ್ಚಾಗುತ್ತವೆ ಎಂದರು. ಮಸ್ಕಿಯಲ್ಲಿ ಇಳಿದು, ಕಿಟಕಿಯ ಬಳಿ ಬಂದು ನನ್ನ ಕೈ ಮುಟ್ಟಿ, "ಪಾಸಾಗ್ತಿ ಬಿಡು," ಎಂದರು. ಅವರು ಬೈದಿದ್ದರೆ ಮುಂದಿನ ಐತವಾರ ನಾನು ಹೋಗುತ್ತಿದ್ದೆ.

ಹೋಗಲಿಲ್ಲ. ಮೊದಲ ವಾರ ತಲೆನೋವು ಎಂದುಕೊಂಡೆ. ಆಮೇಲೆ ಶಾಲೆಗೆ ಇನ್ಸ್‌ಪೆಕ್ಟರರು ಬರುವವರಿದ್ದರು. ಆಮೇಲೆ ಮಳೆಗೆ ಹಳ್ಳ ಬಂದು ಬಸ್ಸು ನಿಂತಿತು. ಬಸ್ಸು ಮತ್ತೆ ಓಡತೊಡಗಿದರೂ ನನಗೆ ಹಳ್ಳ ಇಳಿಯಲಿಲ್ಲ. ಫಲಿತಾಂಶ ಬಂತು, ದ್ವಿತೀಯ ಶ್ರೇಣಿಯಲ್ಲಿ ಪಾಸು. ಹೆಂಡತಿ ಸಿಹಿಯೆಂದು ಸಜ್ಜಕ ಮಾಡಿದಳು. "ಚಾಚಾರಿಗೆ ಹೇಳಿ ಬರ್ರಿ," ಎಂದಳು. ನಾಳೆ ಎಂದೆ. ನಾಲ್ಕು ತಿಂಗಳು ಹೀಗೇ ನಾಳೆ ಎಂದೆ.

ಮಸ್ಕಿಯ ಒಬ್ಬ ಬಟ್ಟೆ ವ್ಯಾಪಾರಿ ಸಿಂಧನೂರಿನ ಸಂತೆಯಲ್ಲಿ ಸಿಕ್ಕಾಗ ಸುದ್ದಿ ತಿಳಿಯಿತು. ಚಾಚಾ ಹೋಗಿ ಇಪ್ಪತ್ತು ದಿನವಾಗಿತ್ತು. ಮೂರು ದಿನ ಜ್ವರ ಬಂದದ್ದೇ ನೆವ. ನಾನು ಸಂತೆಯ ಚೀಲವನ್ನು ಅಲ್ಲೇ ಯಾರದೋ ಅಂಗಡಿಯಲ್ಲಿ ಬಿಟ್ಟು ಸಿಕ್ಕ ಬಸ್ಸು ಹತ್ತಿದೆ.

ಮುಟ್ಟಿದಾಗ ಇಳಿಹೊತ್ತು. ಚಾಚಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಮೊರ ಕೆಳಗಿಟ್ಟರು. ನಾನು ಏನಾದರೂ ಹೇಳುವ ಮೊದಲೇ ಅವರೇ ಮಾತಾಡಿದರು.

"ಬಾ ಮಾಸ್ತರ. ಭಾಳ ಕೆಲಸ ಇತ್ತು ಕಾಣ್ತೈತಿ. ಇರಲಿ. ಪಾಸಾದಿ ಅಂತ ಕೇಳಿದ್ವಿ. ಅವರಂತೂ ಓಣಿ ತುಂಬ ಹೇಳಿದ್ದಾ ಹೇಳಿದ್ದು. ಪರೀಕ್ಷೆ ಮಾಡೋ ಸಾಹೇಬ ತಾನಾ ಬಾಯಿಬಿಟ್ಟು ತೋಡಿ ಕೇಳಿದಂತ. ನಮ್ಮ ಮಾಸ್ತರ ಬಾರಿಸಿದ್ನಂತ. ಗಂಧಾರ ಹೆಂಗ ನಿಂತಿತ್ತಂದ್ರ ಸಾಹೇಬ ಕಣ್ಣು ಮುಚ್ಚಿದ್ದು ತೆಗೀಲೇ ಇಲ್ಲಂತ."

ನಾನು ಕಟ್ಟೆಯ ಮೇಲೆ ಕೂತೆ. ಅಳು ಬಂತು. ಚಾಚಿ ಅದು ಚಾಚಾರಿಗಾಗಿ ಎಂದು ತಿಳಿದು ನೀರು ತಂದುಕೊಟ್ಟರು. ಚಾಚಾರಿಗಾಗಿ ಅತ್ತದ್ದು ಆ ಮೇಲೆ, ಮನೆಯಲ್ಲಿ. ಅಲ್ಲಿ ಅತ್ತದ್ದು ನನ್ನ ಹೇಡಿತನಕ್ಕೆ.

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೇಳಿದರೆ ಸುಳ್ಳುಗಾರರಾಗುವವರು ಚಾಚಾ. ಬಾಯಿ ಮುಚ್ಚಿದೆ.

"ಆ ತೋಡಿ ನನಗೊಂದ್ಸಲ ಕೇಳಿಸು," ಎಂದರು ಚಾಚಿ. ವಾದ್ಯ ತಂದಿಲ್ಲ ಎಂದೆ. "ತಂದಿದ್ರೂ ಈಗ ಹೊತ್ತಲ್ಲ. ಐತವಾರ ಮುಂಜಾನಿ ಬಾ," ಎಂದರು.

ಮೊದಲ ಬಸ್ಸಿಗೆ ಹೋದೆ. ಅಂಗಳದಲ್ಲಿ, ಚಾಚಾ ಯಾವಾಗಲೂ ಕೂರುತ್ತಿದ್ದ ಜಾಗಕ್ಕೆ ಎದುರಾಗಿ ಕೂತು, ಕಮಾನಿಗೆ ರಾಳ ಉಜ್ಜಿ ತೋಡಿ ನುಡಿಸಿದೆ. ಮೊದಲ ಎರಡು ಸಲ ಗಂಧಾರ ಸಿಗಲಿಲ್ಲ. ಬೆರಳು ಹಿಡಿದು ಜರುಗಿಸುವವರಿರಲಿಲ್ಲ. ಮೂರನೆಯ ಸಲ ಸಿಕ್ಕಿತು, ಆಮೇಲೆ ಬಿಟ್ಟು ಹೋಗಲಿಲ್ಲ. ಚಾಚಿಯ ಮೊರ ನಿಂತಿತ್ತು.

ಮುಗಿದ ಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಅವತ್ತೂ ಹಿಂಗಾ ಬಾರಿಸಿದ್ದೇನು?" ಎಂದು ಕೇಳಿದರು.

"ಹೌದು ಚಾಚಿ. ಹಿಂಗಾ."

"ಹಂಗಾದ್ರ ಅವರು ಖರೇನಾ ಹೇಳ್ಯಾರ," ಎಂದರು ಚಾಚಿ. "ನನ್ನ ಸಮಾಧಾನಕ್ಕ ಏನರ ಹೇಳಾಕತ್ತಾರಂತ ಮಾಡಿದ್ದೆ. ಯಾಕಂದ್ರ ಅವತ್ತು ಲಿಂಗಸುಗೂರಿಂದ ಬಂದವ್ರು, ಶೇರ್ವಾನಿ ಸೈತ ಬಿಚ್ಚದಾ, ಗೋಡಿ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ರು."