ಅಣ್ಣನ ಮೊದಲ ಬಿಲ್ಲು

ಅಣ್ಣನ ಬಿಲ್ಲು ಸೀಳಿದ್ದು ನನ್ನಿಂದ ಎಂದು ಹೇಳಲು ಎರಡು ವರ್ಷ ನನಗೆ ಬಾಯಿ ಬರಲಿಲ್ಲ.

ಟ್ರುಗನಿನಾ ಬಡಾವಣೆಯ ಅವನ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವೇ ಇರಲಿಲ್ಲ. ಶನಿವಾರ ಬಂತೆಂದರೆ ಬಿಲ್ಲು ಮಾಡಲೆಂದು ಮರದ ಪಟ್ಟಿಯೊಂದನ್ನು ಕೆರೆಯುವುದು, ಬಾಗಿಸಿ ಒಂದು ಕಣ್ಣು ಮುಚ್ಚಿ ನೋಡುವುದು, ಮತ್ತೆ ಕೆರೆಯುವುದು. ಊಟಕ್ಕೆ ಕರೆದರೆ, "ಇನ್ನೊಂಚೂರು ಕೆರದು ಬರ್ತೀನಿ" ಎನ್ನುತ್ತಿದ್ದ.

"ಹಿಂಗs ಕೆರೀರಿ, ಹಲ್ಲುಕಡ್ಡಿ ಆಗ್ತದ," ಎಂದು ಅತ್ತಿಗೆ ಛೇಡಿಸುತ್ತಿದ್ದರು.

ನಾನು ಸಿಡ್ನಿಯಿಂದ ಹೋದಾಗ ಬಿಲ್ಲು ಸಿದ್ಧವಾಗಿತ್ತು. "ಬಾಣ ಇಲ್ದ ಎಳದು ಬಿಡಬ್ಯಾಡ ತಮ್ಮಾ, ಪೆಟ್ಟು ಕಟಗೀಗೆ ಬೀಳ್ತದ," ಎಂದು ಹೇಳಿ ಅವನು ಸ್ನಾನಕ್ಕೆ ಹೋದ. ನಾನು ಬರೀ ಹೆದೆಯನ್ನೇ ಎಳೆದು ಬಿಟ್ಟೆ. ಚಟ್ ಎಂದಿತು. ಬಿಲ್ಲನ್ನು ಗೋಡೆಗೆ ಒರಗಿಸಿ, ಏನೂ ಆಗಿಲ್ಲವೆಂಬಂತೆ ಚಹಾ ಕುಡಿಯುತ್ತ ಕುಳಿತೆ.

ಸೀಳು ಕಂಡ ಅಣ್ಣ, "ನಾನs ಜಾಸ್ತಿ ಕೆರದೇನಿ. ಈ ಕೆಲಸ ನನ್ನ ಕೈಗೆ ಹತ್ತಂಗಿಲ್ಲ," ಎಂದ. ಮತ್ತೆ ಮರ ಮುಟ್ಟಲಿಲ್ಲ.

ಕಳೆದ ಭಾನುವಾರ ಫೋನಿನಲ್ಲಿ ಅಣ್ಣ, ಉಳಿ, ಅರದಂಥ ಉಪಕರಣಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದ. ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಕೊಡಬ್ಯಾಡಣ್ಣಾ. ನಿನ್ನ ಕೈದು ತಪ್ಪಿಲ್ಲ. ಅವತ್ತು ಬಾಣ ಇಲ್ದ ಎಳದು ಬಿಟ್ಟಾವ ನಾನು. ತಪ್ಪಾತು, ಕ್ಷಮಿಸು."