ಇಸುಬಾಕನ ಗೋಡೆ

ಹವಾಮಾನ ಬದಲಾವಣೆಯ ಬಗ್ಗೆ ಸುಳ್ಯದಲ್ಲಿ ಅಧಿಕಾರಿಗಳು ಯಾವ ಸಭೆ ಕರೆದರೂ, ಬ್ಯಾನರ್ ಕಟ್ಟುವ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂರುವ ವ್ಯಾಪಾರಿ ಎಂದರೆ ಕಲ್ಲುಗುಂಡಿಯ ಇಸುಬಾಕ. ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ಸಿಂಪಡಿಸುವ ಮೈಲುತುತ್ತು, ಸುಣ್ಣ ಮಾರುವ ಅಂಗಡಿ ಅವರದು. ಮಳೆ ಹೊತ್ತುಗೊತ್ತಿಲ್ಲದೆ ಸುರಿದಷ್ಟೂ ರೋಗ ಹೆಚ್ಚಿ ಅವರ ವ್ಯಾಪಾರ ಏರುತ್ತದೆ. ಹಾಗಿದ್ದೂ ಎದ್ದು ನಿಂತು, "ಐದು ವರ್ಷದ್ದು ಬೇಡ ಸಾರ್, ಮೂವತ್ತು ವರ್ಷಕ್ಕೆ ನೀತಿ ಮಾಡಿ. ನಮ್ಮ ವರ್ತಕರ ಬೆಂಬಲ ಉಂಟು" ಎನ್ನುತ್ತಾರೆ. ಇದನ್ನೇ ಅವರು ಬಸ್ಸಿನ ಕಂಡಕ್ಟರಿಗೂ, ಮದುವೆಯಲ್ಲಿ ಬಿರಿಯಾನಿ ಬಡಿಸುವವರಿಗೂ ಹೇಳಿದ್ದಾರೆ. "ಮಳೆ ಸರಿಯಾದ್ರೆ ನಿಮ್ಮ ವ್ಯಾಪಾರ ಬೀಳ್ತದಲ್ಲ ಇಸುಬಾಕ?" ಎಂದು ಕೆಣಕಿದರೆ, "ತೋಟವೇ ಹೋದ್ರೆ ಮದ್ದು ಯಾರಿಗೆ ಮಾರುದು ಮಾರಾಯ್ರೆ?" ಎಂದು ಗದರುತ್ತಾರೆ. ಕೆಲವು ವರ್ಷಗಳ ಹಿಂದೆ ಹೊಳೆ ಅಂಗಡಿಗೆ ನುಗ್ಗಿ ಇಳಿದ ಮೇಲೆ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಉಳಿಯಿತು. ಪ್ರತಿ ವರ್ಷ ರಂಝಾನಿಗೆ ಮೊದಲು ಬಣ್ಣ ಹೊಡೆಸುವಾಗ, ಆ ಗೆರೆಯಿಂದ ಕೆಳಗೆ ಬ್ರಷ್ ತಾಗಿಸಲು ಅವರು ಬಿಡುತ್ತಿರಲಿಲ್ಲ. "ಆಫೀಸರುಗಳು ಬರ್ಲಿಕ್ಕುಂಟು. ಅವರು ಕಣ್ಣಾರೆ ನೋಡ್ಬೇಕು." ಬರುತ್ತೇವೆ ಎಂದವರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಬಂದವರು ಕಥೆಯನ್ನೆಲ್ಲ ಮೊದಲಿನಿಂದ ಕೇಳಿ, ತಾವೂ ಬರುತ್ತೇವೆ ಎಂದರು. ಈ ಸಲ ನಾನು ಸುಣ್ಣಕ್ಕೆಂದು ಹೋದಾಗ ಅಂಗಡಿಗೆ ಬಣ್ಣ ಹೊಡೆಯುತ್ತಿದ್ದರು. ಪೇಂಟರ್ ಅಭ್ಯಾಸದಂತೆ ಗೆರೆಯ ಹತ್ತಿರ ಕೈ ನಿಲ್ಲಿಸಿ, "ಇಲ್ಲಿಗೆ ಸಾಕಲ್ಲ ಇಸುಬಾಕ?" ಎಂದ. ಅವರು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಕೆಳಗೂ ಹೊಡಿ ಮಾರಾಯ" ಎಂದರು.